ಕುರಿಹಟ್ಟಿಗಳು ದಿಬ್ಬ ಏರಿದ ಕಾಲ

ಸವದತ್ತಿ ಕಡೆಗೆ ಹೊಸದಾಗಿ ನೇಮಕಗೊಂಡ ಯುವ ಪಶುವೈದ್ಯೆಯೊಬ್ಬರು ಈಚೆಗೆ ನನಗೆ ಫೋನ್ ಮಾಡಿ, ‘ಸರ್, ಇಲ್ಲಿ ಕುರಿಗಳಿಗೆ ಲಸಿಕೆ ಯಾವ ತಿಂಗಳಲ್ಲಿ ಹಾಕಬೇಕು?’ ಎಂದು ಕೇಳಿದರು. ಪ್ರಶ್ನೆ ಸರಳವಾಗಿತ್ತು. ನಾನು ನೌಕರಿಗೆ ಸೇರಿದ ಹೊಸದರಲ್ಲಿ ಇದೇ ಪ್ರಶ್ನೆಗೆ ನನ್ನ ಮೇಲಿನವರು ಒಂದೇ ಮಾತಿನಲ್ಲಿ ಉತ್ತರ ಹೇಳಿದ್ದರು. ನನ್ನಿಂದ ಅದು ಆಗಲಿಲ್ಲ. ‘ಬರೆದು ಕಳಿಸುತ್ತೇನೆ ತಾಯಿ’ ಎಂದು ಫೋನ್ ಇಟ್ಟೆ. ಬರೆಯುತ್ತ ಹೋದಂತೆ ಅದು ಲಸಿಕೆಯ ಮಾತಾಗಿ ಉಳಿಯಲಿಲ್ಲ, ನನ್ನ ನೌಕರಿಯ ಮಾತೇ ಆಯಿತು.

ನನ್ನ ಹೆಸರು ದಸ್ತಗೀರ ನದಾಫ. ಊರು ಬೈಲಹೊಂಗಲ. ಅಪ್ಪ ಹತ್ತಿಯ ಮೂಟೆ, ಅಂಡಿಗೆ ಹೇರುವ ಲಾರಿಯ ಡ್ರೈವರ್. ಮನೆಯಲ್ಲಿ ಒಂದು ಎಮ್ಮೆ ಇತ್ತು. ಅದಕ್ಕೆ ಹೆರಿಗೆ ಕಷ್ಟವಾದಾಗ ಬಂದ ಡಾಕ್ಟರು ತೋಳಿನವರೆಗೆ ಕೈ ಹಾಕಿ ಕರುವನ್ನು ಎಳೆದದ್ದು ನೋಡಿ, ನಾನೂ ಇದನ್ನೇ ಮಾಡುತ್ತೇನೆ ಎಂದುಕೊಂಡೆ. ಹಾಗೆಯೇ ಆಯಿತು.

ತೊಂಬತ್ತರ ದಶಕದ ಆರಂಭದಲ್ಲಿ ನನ್ನನ್ನು ಕಿತ್ತೂರಿಗೆ ಹಾಕಿದರು. ಕಿತ್ತೂರು ಮಲೆನಾಡಿನ ಸೆರಗಿನಲ್ಲಿದೆ. ಭತ್ತದ ಗದ್ದೆ, ಕೆಸರು, ಕೆಸರಿನಲ್ಲಿ ಎಮ್ಮೆ. ಆಸ್ಪತ್ರೆಯ ಗೋಡೆಗೆ ಒಂದು ಲಸಿಕೆಯ ವೇಳಾಪಟ್ಟಿ ಅಂಟಿಸಿದ್ದರು. ಮಳೆ ಹಿಡಿಯುವ ಮೊದಲು ದನಗಳಿಗೆ ಗಂಟಲು ಬಾಯುವ ಗಳಲೆ ರೋಗದ್ದು, ಹೊಸ ಹುಲ್ಲು ಚಿಗುರುವ ಮೊದಲು ಕುರಿಗಳಿಗೆ ಕರುಳು ಬೇನೆಯದ್ದು. ಎಳೆಹುಲ್ಲನ್ನು ಆಸೆಬಿದ್ದು ಮೇಯ್ದ ಕುರಿ ಒಂದೇ ದಿನದಲ್ಲಿ ಕಾಲು ಚಾಚಿಬಿಡುತ್ತದೆ. ಅದಕ್ಕೆ ಮೊದಲೇ ಸೂಜಿ ಬೀಳಬೇಕು. ಆಗ ಫ್ರಿಜ್ ಇರುವ ಆಸ್ಪತ್ರೆಗಳು ಕಡಿಮೆ. ಐಸ್‌ಕ್ಯಾಂಡಿ ಅಂಗಡಿಯಿಂದ ಬರ್ಫ ತಂದು ಫ್ಲಾಸ್ಕಿಗೆ ತುಂಬಿ, ಅದರಲ್ಲಿ ಲಸಿಕೆಯ ಬಾಟಲಿ ಇಟ್ಟುಕೊಂಡು ಸೈಕಲ್ ಮೇಲೆ ಹಳ್ಳಿಗೆ ಹೋಗುತ್ತಿದ್ದೆವು. ಗಾಜಿನ ಸಿರಿಂಜನ್ನು ಸ್ಟೋವ್ ಮೇಲೆ ಕುದಿಸಿಕೊಳ್ಳುತ್ತಿದ್ದೆವು. ಇಷ್ಟೆಲ್ಲ ಪಡಿಪಾಟಲು ಇದ್ದರೂ ಕೆಲಸ ತಪ್ಪುತ್ತಿರಲಿಲ್ಲ. ಗೋಡೆಯ ಮೇಲಿನ ತಿಂಗಳು ಮತ್ತು ಹೊರಗಿನ ಮಳೆ ಹೆಚ್ಚುಕಡಿಮೆ ಜೊತೆಯಾಗಿಯೇ ಬರುತ್ತಿದ್ದವು. ಒಂದೊಂದು ವರ್ಷ ಹಿಂದೆಮುಂದೆ ಆಗುತ್ತಿತ್ತು, ಅದನ್ನು ಯಾರೂ ದೊಡ್ಡದು ಮಾಡುತ್ತಿರಲಿಲ್ಲ.

ಅಲ್ಲಿಂದ ನನ್ನನ್ನು ಸವದತ್ತಿ ತಾಲೂಕಿನ ಮನೋಳಿಗೆ ವರ್ಗ ಮಾಡಿದರು. ನವಿಲುತೀರ್ಥದ ಅಣೆಕಟ್ಟಿನ ಹಿನ್ನೀರು ಊರಿನ ಮಗ್ಗುಲಲ್ಲೇ. ಇಲ್ಲಿ ಎಮ್ಮೆಗಿಂತ ಕುರಿಯೇ ಹೆಚ್ಚು. ಕುರಿಗಾರರು ಹಟ್ಟಿ ಹಾಕಿಕೊಂಡು ಹೊಲದಿಂದ ಹೊಲಕ್ಕೆ ತಿರುಗುತ್ತಾರೆ. ಯಾರ ಹೊಲದಲ್ಲಿ ರಾತ್ರಿ ಕುರಿ ತರುಬುತ್ತಾರೋ ಅವರಿಗೆ ಗೊಬ್ಬರ, ಪ್ರತಿಯಾಗಿ ಹೊಲದವರು ಕುರಿಗಾರರಿಗೆ ಜೋಳ ಕೊಡುತ್ತಾರೆ. ಕುರಿ ಎಲ್ಲಿ ಮಲಗುತ್ತದೆ ಎಂಬುದು ಇಡೀ ವರ್ಷದ ಊಟದ ಪ್ರಶ್ನೆ. ಇದು ನನಗೆ ಆಮೇಲೆ ಬಹಳ ಕೆಲಸಕ್ಕೆ ಬಂತು.

ಬೀರವ್ವನ ಪರಿಚಯವಾದದ್ದು ಅಲ್ಲಿಯೇ. ಗಂಡ ತೀರಿಕೊಂಡ ಮೇಲೆ ಮೈದುನ ಸಿದ್ದಪ್ಪನನ್ನು ಜೊತೆಗಿಟ್ಟುಕೊಂಡು ಹಿಂಡು ನಡೆಸುತ್ತಿದ್ದ ಹೆಂಗಸು. ನನಗಿಂತ ಹಿರಿಯಳು. ಒಂದು ಸಂತೆಯ ದಿನ ಸಿದ್ದಪ್ಪ ಏದುಸಿರು ಬಿಡುತ್ತ ಆಸ್ಪತ್ರೆಗೆ ಬಂದ.

‘ಕುರಿಗೋಳು ಬೀಳಾಕ ಹತ್ತ್ಯಾವ್ರಿ ಡಾಕ್ಟರ್ರ. ಒಂದರ ಮ್ಯಾಲ ಒಂದು ಬೀಳಾಕ ಹತ್ತ್ಯಾವ.’

‘ಎಲ್ಲಿ ಮೇದಿದ್ವು?’

‘ಜ್ವಾಳದಾಗ ನುಗ್ಗಿದ್ವುರಿ. ಬಾಡಿ ನಿಂತಿತ್ತು. ಮೊನ್ನಿ ಹನಿ ಬಿದ್ದು ಚಿಗುರು ಒಡದಿತ್ತು.’

ನನಗೆ ತಿಳಿಯಿತು. ಮಳೆ ಕೈಕೊಟ್ಟು ಗಿಡ್ಡಾಗಿ ನಿಂತ ಜೋಳ ಚಿಗುರಿದಾಗ ಅದರ ಎಳೆಸುಳಿಯಲ್ಲಿ ವಿಷವಿರುತ್ತದೆ. ಅದಕ್ಕೆ ಮದ್ದು ಸೋಡಿಯಂ ಥಯೋಸಲ್ಫೇಟ್. ಆಸ್ಪತ್ರೆಯಲ್ಲಿ ಅದರ ಚೂರೂ ಇರಲಿಲ್ಲ. ಅಟೆಂಡರ್ ಗುರಪ್ಪ ಔಷಧಿ ಅಂಗಡಿಗೆ ಓಡಲು ಸಿದ್ಧನಾದ. ನಾನು ಅವನನ್ನು ತಡೆದು ಪೇಟೆಯ ಫೋಟೋ ಸ್ಟುಡಿಯೋಕ್ಕೆ ಹೋದೆ. ಫೋಟೋ ತೊಳೆಯಲು ಬಳಸುವ ಹೈಪೋ ಎಂಬುದು ಇದೇ ಉಪ್ಪು.

‘ಹೈಪೋ ಎಷ್ಟ ಐತಿ ಅಷ್ಟೂ ಕೊಡ್ರಿ’ ಎಂದೆ.

‘ಯಾರ ಮದಿವಿ ಫೋಟೋ ತಗದೀರಿ ಡಾಕ್ಟರ್ರ?’

‘ಕುರೀಗೆ ಕುಡಸಬೇಕರಿ.’

ಸ್ಟುಡಿಯೋದವನು ನನ್ನ ಮುಖವನ್ನೇ ನೋಡಿ, ಡಬ್ಬಿ ಎತ್ತಿಕೊಟ್ಟ. ಹಟ್ಟಿಗೆ ಹೋಗಿ ಅದನ್ನು ಕಾಸಿ ಆರಿಸಿದ ನೀರಿನಲ್ಲಿ ಕರಗಿಸಿ, ನಾನು ನರಕ್ಕೆ ಚುಚ್ಚುತ್ತ ಹೋದೆ, ಗುರಪ್ಪ ಬಾಯಿಗೆ ಹಾಕುತ್ತ ಬಂದ. ಬೀರವ್ವ ಅಳಲಿಲ್ಲ, ಕೂಗಾಡಲಿಲ್ಲ. ಪ್ರತಿಯೊಂದು ಕುರಿಯನ್ನೂ ಹೆಸರು ಹಿಡಿದು ಕರೆದು, ತೊಡೆಯ ನಡುವೆ ತಲೆ ಇಟ್ಟುಕೊಂಡು, ನಮಗೆ ಬಾಯಿ ತೆರೆದುಕೊಟ್ಟಳು. ಮೊದಲೇ ಬಿದ್ದವು ಸತ್ತವು. ತೂರಾಡುತ್ತಿದ್ದವು ಸಂಜೆಯ ಹೊತ್ತಿಗೆ ಎದ್ದು ನಿಂತವು. ಅಂದಿನಿಂದ ಅವಳಿಗೆ ನನ್ನ ಮೇಲೆ ನಂಬಿಕೆ ಬಂತು. ಆಸ್ಪತ್ರೆಯಲ್ಲಿ ಹೈಪೋ ಡಬ್ಬಿ ಯಾವತ್ತೂ ಇರಲಿ, ಇದನ್ನು ಬರೆದಿಟ್ಟುಕೊಳ್ಳಿ.

ಆಗ ನಾನು ಇದನ್ನು ಒಂದು ವಿಷಪ್ರಾಶನದ ಕೇಸು ಎಂದಷ್ಟೇ ನೋಡಿದ್ದೆ. ಆದರೆ ಅಂಥವು ಮತ್ತೆ ಮತ್ತೆ ಬರತೊಡಗಿದವು. ಬಿತ್ತಿದ ಮೇಲೆ ಮಳೆ ಮಾಯವಾಗುವುದು, ಜೋಳ ಬಾಡುವುದು, ಎರಡು ಹನಿ ಬೀಳುವುದು, ಕುರಿ ನುಗ್ಗುವುದು. ಇದರ ಜೊತೆಗೆ ಬೇರೆ ಸಂಗತಿಗಳೂ ಕಾಣತೊಡಗಿದವು. ಎಮ್ಮೆಗಳು ತಂಡಿಯ ದಿನಗಳಲ್ಲಿ ಬೆದೆಗೆ ಬರುತ್ತವೆ. ಬಿಸಿಲು ಮುಗಿಯದೆ ಎಳೆದಾಡಿದ ವರ್ಷ ಅವು ಸುಮ್ಮನೆ ನಿಂತುಬಿಡುತ್ತಿದ್ದವು, ಗರ್ಭಕಟ್ಟಿಸಲು ಬಂದ ರೈತರು ಸಿಟ್ಟಾಗಿ ಮರಳುತ್ತಿದ್ದರು. ಚಳಿಗಾಲದಲ್ಲಿ ಕಡಿಮೆಯಾಗಬೇಕಿದ್ದ ಉಣ್ಣೆಹುಳ ವರ್ಷವಿಡೀ ದನದ ಕಿವಿಯಲ್ಲಿ ಇರತೊಡಗಿತು. ಮುದುಕರು ಹೇಳುವ ಬರಗಾಲದ ಕಥೆಗಳನ್ನು ನಾನೂ ಕೇಳಿ ಬೆಳೆದವನು. ಈ ಸೀಮೆಗೆ ಬರ ಹೊಸದಲ್ಲ. ಒಂದು ವರ್ಷದ ಮಳೆ ನೋಡಿ ಹವಾಮಾನವೇ ಬದಲಾಯಿತು ಎಂದು ಹೇಳುವವನು ದುಡುಕುತ್ತಾನೆ. ಆದರೆ ವರ್ಷದ ಮೇಲೆ ವರ್ಷ ಒಂದೇ ದಿಕ್ಕಿಗೆ ಜಾರುತ್ತಿರುವುದನ್ನು ಕಂಡೂ ಸುಮ್ಮನಿರುವವನು ಡಾಕ್ಟರಲ್ಲ. ಕಿತ್ತೂರಿನಲ್ಲಿ ನಾನು ಕಲಿತಿದ್ದ ಭರವಸೆ, ಮಳೆ ಈಗ ಬರುತ್ತದೆ ಎಂಬ ಭರವಸೆ, ಇಲ್ಲಿ ನನ್ನ ಕೈಯಲ್ಲೇ ಪುಡಿಯಾಯಿತು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಸಾಲಾಗಿ ಒಣ ವರ್ಷಗಳು ಬಂದವು. ಹಿನ್ನೀರು ಹಿಂದೆ ಹಿಂದೆ ಸರಿಯಿತು. ನೀರು ಬಿಟ್ಟ ನೆಲದಲ್ಲಿ ಮಾತ್ರ ಹಸಿರು ಉಳಿದಿತ್ತು. ಸುತ್ತಲಿನ ಹಟ್ಟಿಗಳೆಲ್ಲ ಅಲ್ಲಿಗೇ ಬಂದು ಸೇರಿದವು. ಆಮೇಲೆ ಒಂದು ವರ್ಷ, ಮುಂಗಾರು ಕಣ್ಣಾಮುಚ್ಚಾಲೆ ಆಡಿ ಹೋದ ಬಳಿಕ, ಗಣಪತಿ ಹಬ್ಬ ಮುಗಿದ ಮೇಲೆ ಮಳೆ ಹಿಡಿಯಿತು. ಹಿಡಿದದ್ದು ಬಿಡಲಿಲ್ಲ. ಎಲ್ಲರೂ ಸಂತೋಷಪಟ್ಟರು, ನಾನೂ ಪಟ್ಟೆ. ಹಿನ್ನೀರಿನ ದಂಡೆಯ ಕೆಸರಿನಲ್ಲಿ, ಕುರಿ ಹಿಕ್ಕೆಯಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಗಳು ಮೋಡದಂತೆ ಹುಟ್ಟಿಕೊಂಡವು.

ಮೊದಲು ಜ್ವರ ಬಂತು. ಆಮೇಲೆ ಕುರಿಗಳ ತುಟಿ ಬಾತವು, ಜೊಲ್ಲು ಸುರಿಯಿತು, ಕಾಲು ಕುಂಟಿದವು. ನಾನು ಕಾಲುಬಾಯಿ ಬೇನೆ ಎಂದುಕೊಂಡು ಅದರ ಉಪಚಾರ ಸುರುಮಾಡಿದೆ. ಆದರೆ ಆ ಬೇನೆ ಮೊದಲು ಹಿಡಿಯುವ ದನಗಳು ಅದೇ ದಂಡೆಯಲ್ಲಿ ಆರಾಮಾಗಿದ್ದವು. ಸಂಶಯ ಬಂದು ಒಂದು ಕುರಿಯ ನಾಲಿಗೆ ಎಳೆದು ನೋಡಿದರೆ ನೇರಳೆ ತಿಂದಂತೆ ನೀಲಿಗಟ್ಟಿತ್ತು. ನೀಲಿ ನಾಲಿಗೆ ರೋಗ. ಕಾಲೇಜಿನಲ್ಲಿ ಓದಿದ್ದೆ, ಹಿಂಡುಗಟ್ಟಲೆ ಕಂಡಿರಲಿಲ್ಲ. ಕೊಡಲು ಆಗ ನಮ್ಮ ಕೈಯಲ್ಲಿ ಲಸಿಕೆ ಇರಲಿಲ್ಲ. ಬಾಯಿ ತೊಳೆಯುವುದು, ಹುಣ್ಣಿಗೆ ಔಷಧ ಹಚ್ಚುವುದು, ನೆರಳಿಗೆ ಕಟ್ಟುವುದು, ಜೋಳದ ಅಂಬಲಿ ಕುಡಿಸುವುದು, ಇಷ್ಟೇ. ನಾನು, ಗುರಪ್ಪ, ಹಟ್ಟಿಯ ಹೆಂಗಸರು ಬೆಳಗಿನಿಂದ ಕತ್ತಲಾಗುವವರೆಗೆ ಇದನ್ನೇ ಮಾಡಿದೆವು. ಸುತ್ತಲಿನ ಹಟ್ಟಿಗಳಲ್ಲಿ ಬಹಳ ಕುರಿಗಳು ಸತ್ತವು. ಬೀರವ್ವನ ಹಿಂಡಿನ ಮುಂದಾಳು ಚಂದ್ರಿ ಎಂಬ ಕುರಿಯೂ ಸತ್ತಿತು. ಹಿಂಡು ದಾರಿ ದಾಟುವಾಗ ಅದು ನಡೆದ ಕಡೆಗೇ ಉಳಿದವೆಲ್ಲ ನಡೆಯುತ್ತಿದ್ದವು.

ಸುಣ್ಣ ಸುರಿದು ಗುಂಡಿ ಮುಚ್ಚುತ್ತಿದ್ದಾಗ ಬೀರವ್ವ ಕೇಳಿದಳು:

‘ಮಳಿ ಯಾಕ ಹಿಂಗ ಹುಚ್ಚ ಹಿಡದಂಗ ಆಡಾಕ ಹತ್ತೇತ್ರಿ ಸಾಹೇಬ್ರ? ನೀವು ಓದಿದವರು, ಹೇಳ್ರಿ.’

ಇಲಾಖೆಯ ತರಬೇತಿಯೊಂದರಲ್ಲಿ ವಿಜ್ಞಾನಿಯೊಬ್ಬರು ಹೇಳಿದ್ದನ್ನು ನಾನು ಕೇಳಿ ಬಂದಿದ್ದೆ. ಅವಳಿಗೆ ತಿಳಿಯುವಂತೆ ಹೇಳಲು ನೋಡಿದೆ.

‘ಯಕ್ಕಾ, ಕಲ್ಲಿದ್ದಲು ಸುಡತಾರ, ಡೀಸಲ್ ಸುಡತಾರ. ಅದರ ಗಾಳಿ ಮ್ಯಾಲ ಹೋಗಿ ಅಲ್ಲೇ ನಿಂದರತೈತಿ. ನೀ ಬ್ಯಾಸಗ್ಯಾಗ ಕಂಬಳಿ ಹೊತ್ತಗೊಂಡ್ರ ಮೈ ಕಾವು ಹೊರಗ ಹೋಗಾಂಗಿಲ್ಲ ಹೌದಲ್ಲೊ, ಭೂಮಿಗೂ ಹಂಗ ಆಗೇತಿ. ಕಾವು ಹೆಚ್ಚಾದ್ರ ಗಾಳಿ ಬಾಳ ನೀರು ಹೊರತೈತಿ. ತಡದು ತಡದು ಒಮ್ಮೆಲೆ ಸುರೀತೈತಿ.’

‘ಹೊಚ್ಚಿದವರು ಯಾರ್ರಿ?’

‘ಎಲ್ಲಾರೂ. ನಮ್ಮಪ್ಪ ಲಾರಿ ಹೊಡದ, ನಾ ಬೈಕ್ ಹೊಡೀತೇನಿ. ಆದ್ರ ದೊಡ್ಡ ದೊಡ್ಡ ದೇಶದವರು, ದೊಡ್ಡ ದೊಡ್ಡ ಕಾರಖಾನೆಯವರು ಬಾಳ ಸುಟ್ಟಾರ.’

‘ನನ್ನ ಒಲಿ ಹೊಗೀನೂ ಅದರಾಗ ಐತೇನ್ರಿ?’

‘ನಿಂದು ಲೆಕ್ಕಕ್ಕ ಇಲ್ಲಬಿಡು ಯಕ್ಕಾ.’

ಅವಳು ಸುಣ್ಣದ ಬುಟ್ಟಿಯನ್ನು ಕೊಡವಿ ಕೆಳಗಿಟ್ಟಳು. ‘ಲೆಕ್ಕಕ್ಕ ಇಲ್ಲದವರ ಕುರಿನ ಮೊದಲ ಸಾಯತಾವು’ ಎಂದಳು.

ಕಾರಖಾನೆಗಳ ಹೊಗೆ ನಿಲ್ಲಿಸುವ ಅಧಿಕಾರ ಮನೋಳಿಯ ಪಶುವೈದ್ಯನಿಗೆ ಇಲ್ಲ. ಆದರೆ ಮುಂದಿನ ವರ್ಷ ಈ ಕುರಿಗಳು ಎಲ್ಲಿ ಮಲಗಬೇಕು, ಅವಕ್ಕೆ ಸೂಜಿ ಯಾವಾಗ ಬೀಳಬೇಕು ಎಂಬುದರಲ್ಲಿ ನಾನು ಏನಾದರೂ ಮಾಡಬಹುದಿತ್ತು. ಮಾಡಿಯೇ ತೀರುತ್ತೇನೆ ಎಂದು ಆ ಗುಂಡಿಯ ಬದಿಯಲ್ಲೇ ನಿಶ್ಚಯಿಸಿದೆ.

ಮೊದಲು ನಮ್ಮ ತಾಲೂಕಿನ ಸಾಹೇಬರ ಹತ್ತಿರ ಹೋದೆ. ಕುಲಕರ್ಣಿ ಸಾಹೇಬರೆಂದರೆ ಶಿಸ್ತಿನ ಮನುಷ್ಯ. ಲಸಿಕೆಯ ಪಟ್ಟಿ ಒಂದು ದಿನ ಹಿಂದೆಮುಂದೆ ಆದರೂ ಕಾರಣ ಬರೆದುಕೊಡಬೇಕು. ಕರುಳು ಬೇನೆಯ ಲಸಿಕೆಯನ್ನು ಪಟ್ಟಿಯ ತಿಂಗಳಿಗೆ ಹಾಕುವುದು ಬೇಡ, ಮಳೆ ನೋಡಿ ಹಾಕೋಣ ಎಂದು ಕೇಳಿದೆ.

‘ನದಾಫ, ಲಸಿಕೆ ಏನು ಸಂತಿಯೊಳಗಿನ ಮೆಣಸಿನಕಾಯಿ ಅಲ್ಲ, ಬೇಕಾದಾಗ ತರಲಿಕ್ಕೆ’ ಎಂದರು. ‘ತಯಾರಾಗಿ ಬರಲಿಕ್ಕೆ ತಿಂಗಳುಗಟ್ಟಲೆ ಹಿಡೀತದ. ನೀವು ಇವತ್ತು ಬ್ಯಾಡ ಅಂದ್ರ ನಾಳೆ ನಾ ಎಲ್ಲಿಂದ ತರಲಿ?’

ಅದು ನಿಜವಾದ ತೊಂದರೆಯೇ ಆಗಿತ್ತು. ನಾನು ಹಟ ಬಿಡಲಿಲ್ಲ. ‘ತರಿಸೂದು ನಿಮ್ಮ ವ್ಯಾಳ್ಯಾಕ್ಕ ತರಸ್ರಿ ಸರ್. ಹಾಕೂದು ಮಳಿ ವ್ಯಾಳ್ಯಾಕ್ಕ ಹಾಕೂಣು. ನಡುವ ಇಡಾಕ ನಿಮ್ಮ ಹತ್ರ ದೊಡ್ಡ ಫ್ರಿಜ್ ಐತಲ್ರಿ’ ಎಂದೆ.

ಅವರು ಕನ್ನಡಕ ತೆಗೆದು ಒರೆಸುತ್ತ ಹೇಳಿದರು: ‘ನಮ್ಮ ಅಜ್ಜ ಪಂಚಾಂಗ ನೋಡಿ ಮಳಿ ಹೇಳತಿದ್ರು. ಊರ ಮಂದಿ ಬಂದು ಕಟ್ಟಿಮ್ಯಾಲೆ ಕೂಡತಿತ್ತು. ನಾ ಸೈನ್ಸ್ ಓದಿದಾಂವ, ನಗತಿದ್ದೆ. ಈಗ ನೋಡಿದ್ರ ಗ್ವಾಡಿಗೆ ಹಚ್ಚಿದ ನಮ್ಮ ಪಟ್ಟೀನೂ ಒಂದು ಪಂಚಾಂಗನ ಆಗ್ಯದ.’ ಆ ವರ್ಷ ನಮ್ಮ ಪಾಲಿನ ಲಸಿಕೆಯನ್ನು ತಮ್ಮಲ್ಲೇ ತಂಪಿನಲ್ಲಿ ಇಟ್ಟುಕೊಳ್ಳಲು ಒಪ್ಪಿದರು. ನಾನು ಫೋನ್ ಮಾಡಿದ ದಿನ ಜೀಪು ಕಳಿಸಬೇಕು ಎಂದು ಮಾತಾಯಿತು. ಆ ಮಾತನ್ನು ಅವರು ನಿವೃತ್ತರಾಗುವವರೆಗೂ ನಡೆಸಿದರು. ಒಳ್ಳೆಯ ಮೇಲಧಿಕಾರಿ ಎಂದರೆ ಬೇಗ ಒಪ್ಪುವವನಲ್ಲ, ಒಪ್ಪಿದ ಮೇಲೆ ಹಿಂದೆಗೆಯದವನು.

ಕುರಿ ಮಲಗುವ ಜಾಗದ ಕೆಲಸ ಇದಕ್ಕಿಂತ ಕಠಿಣವಾಗಿತ್ತು. ಆ ನುಸಿಗಳು ಮುಸ್ಸಂಜೆಯಿಂದ ಕಚ್ಚುತ್ತವೆ. ಗಾಳಿ ಬೀಸುವ ಎತ್ತರದಲ್ಲಿ ಅವುಗಳಿಗೆ ಹಾರಲು ಬರುವುದಿಲ್ಲ. ಹಗಲು ದಂಡೆಯಲ್ಲಿ ಮೇಯಲಿ, ಹೊತ್ತು ಇಳಿಯುವ ಮೊದಲು ದಿಬ್ಬ ಏರಲಿ ಎಂದು ನಾನು ಹಟ್ಟಿ ಹಟ್ಟಿಗೆ ಹೋಗಿ ಹೇಳಿದೆ. ಎಲ್ಲರೂ ತಲೆಯಾಡಿಸಿದರು, ಯಾರೂ ಕದಲಲಿಲ್ಲ. ಬೀರವ್ವ ಮಾತ್ರ ಕಾರಣ ಬಿಡಿಸಿ ಹೇಳಿದಳು.

‘ದಂಡಿ ಹೊಲದವರು ನಮಗ ಜ್ವಾಳ ಕೊಡತಾರ್ರಿ. ದಿಬ್ಬದ ಮ್ಯಾಲ ಯಾರ ಕೊಡತಾರ? ಅಲ್ಲಿ ಕುರೀಗೆ ಕುಡ್ಯಾಕ ನೀರರ ಎಲ್ಲಿ ಐತಿ? ರೋಗ ಬಂದ್ರ ಕುರಿ ಸಾಯತಾವು, ದಿಬ್ಬ ಹತ್ತಿದ್ರ ನಾವ ಸಾಯತೇವಿ.’

‘ನೀರು, ಜ್ವಾಳ ಎರಡೂ ಸಿಕ್ರ ಹತ್ತತೀಯೇನ ಯಕ್ಕಾ?’

‘ಸಿಗಲಿ. ಆಮ್ಯಾಲ ನೋಡೂಣು.’

ಸಿರಸಂಗಿ ರಸ್ತೆಯ ಮೇಲೆ ದಿಬ್ಬದ ಹೊಲಗಳಿದ್ದವು. ಕಲ್ಲುಮಿಶ್ರಿತ ತೆಳು ಮಣ್ಣು. ನಾನು ಆ ಹೊಲದವರ ಮನೆಗಳಿಗೆಲ್ಲ ಹೋದೆ. ಕೆಲವರು ಚಹಾ ಕೊಟ್ಟು ಕಳಿಸಿದರು, ಕೆಲವರು ದನದ ಡಾಕ್ಟರಿಗೆ ಇದೆಲ್ಲ ಯಾಕೆ ಎಂದರು. ಕೊನೆಗೆ ಇಮಾಮಸಾಬ ಎಂಬ ರೈತ ಸಿಕ್ಕ. ಅವನ ಹೊಲದಲ್ಲಿ ಒಂದು ಬೋರು ಇತ್ತು, ತೊಟ್ಟಿ ಇತ್ತು. ಗೊಬ್ಬರವಿಲ್ಲದೆ ಹೊಲ ಸೊರಗಿತ್ತು.

‘ಕೆಳಗ ಹಸರು ಬಿಟ್ಟು ನನ್ನ ಕಲ್ಲಹೊಲಕ್ಕ ಕುರಿ ಯಾರ ತರತಾರ ಅಂತ ನಾ ಕೇಳೇ ಇಲ್ಲರಿ’ ಎಂದ. ‘ಖರೇನ ಬರೂದಾದ್ರ ನೀರು ನಾ ಕುಡಸ್ತೇನಿ, ಜ್ವಾಳಾನೂ ಕೊಡತೇನಿ. ಕೆಳಗಿನವರಷ್ಟ ಆಗಾಂಗಿಲ್ಲ.’

ಜೋಳದ ಮಾತಿಗೆ ಬೀರವ್ವ ಮತ್ತು ಇಮಾಮಸಾಬ ತೊಟ್ಟಿಯ ಕಟ್ಟೆಯ ಮೇಲೆ ಕೂತು ಬಹಳ ಜಗ್ಗಾಡಿದರು. ನಾನು ನಡುವೆ ಬಾಯಿ ಹಾಕಲಿಲ್ಲ. ಅವಳು ಕೆಳಗೆ ಸಿಗುತ್ತಿದ್ದುದಕ್ಕಿಂತ ಕಡಿಮೆಗೆ ಒಪ್ಪಿ ಎದ್ದು, ಸೀರೆಯ ಧೂಳು ಕೊಡವಿ, ‘ನಾಳೆ ಹಟ್ಟಿ ಕೀಳತೇವಿ’ ಎಂದಳು. ಸಿದ್ದಪ್ಪ ಸಿಟ್ಟಿನಿಂದ ಅವಳ ಜೊತೆ ಮಾತು ಬಿಟ್ಟ. ಉಳಿದ ಹಟ್ಟಿಯವರು, ಬೀರವ್ವ ಡಾಕ್ಟರನ ಮಾತು ಕೇಳಿ ಕಲ್ಲು ಮೇಯಿಸಲು ಹೊರಟಳು ಎಂದು ನಕ್ಕರು. ಅವಳು ಪ್ರತಿ ಸಂಜೆ ಹೊತ್ತು ಇಳಿಯುವ ಮೊದಲು ಹಿಂಡನ್ನು ಹೊಡೆದುಕೊಂಡು ಏರು ಹತ್ತಿದಳು. ಕಾಲು ನೋಯುತ್ತವೆ ಎಂದು ನನ್ನ ಹತ್ತಿರ ಮಾತ್ರ ಹೇಳುತ್ತಿದ್ದಳು.

ಆ ಮಳೆಗಾಲವೂ ತಡವಾಗಿಯೇ ಬಂತು. ಚಿಗುರು ಒಡೆಯುವ ಮೊದಲು ಸಾಹೇಬರ ಜೀಪು ಲಸಿಕೆ ತಂದು ಇಳಿಸಿತು. ಕರುಳು ಬೇನೆಯಿಂದ ಸತ್ತ ಕುರಿ ಆ ವರ್ಷ ನನ್ನ ಮುಂದೆ ಬರಲಿಲ್ಲ. ಆಮೇಲೆ ಮೋಡ ಒಡೆದಂತೆ ಸುರಿಯಿತು. ದಂಡೆಯ ಹಟ್ಟಿಗಳಲ್ಲಿ ನೀಲಿ ನಾಲಿಗೆ ಮತ್ತೆ ಕಾಣಿಸಿಕೊಂಡಿತು. ಬೀರವ್ವನ ಹಿಂಡಿನಲ್ಲಿಯೂ ಕೆಲವಕ್ಕೆ ಜ್ವರ ಬಂತು, ಒಂದೆರಡು ಸತ್ತವು; ಪೂರ್ತಿ ಪಾರಾದವು ಎಂದು ನಾನು ಸುಳ್ಳು ಹೇಳುವುದಿಲ್ಲ. ಆದರೆ ಹಿಂಡು ಉಳಿಯಿತು. ಸಿದ್ದಪ್ಪ ತಾನಾಗಿಯೇ ಬಂದು ಅತ್ತಿಗೆಯ ಕೈಯಿಂದ ನೀರಿನ ಕೊಡ ಇಸಿದುಕೊಂಡ. ದಂಡೆಯಿಂದ ಒಂದೊಂದೇ ಹಟ್ಟಿ ಕಿತ್ತು ಮೇಲೆ ಬರತೊಡಗಿತು. ಹಿಂದೆ ಚಹಾ ಕೊಟ್ಟು ಕಳಿಸಿದ್ದ ದಿಬ್ಬದ ರೈತರು ನನ್ನ ಆಸ್ಪತ್ರೆಗೇ ಬಂದು, ‘ನಮ್ಮ ಹೊಲಕ್ಕೂ ಒಂದು ಹಿಂಡು ಕಳಸ್ರಿ’ ಎಂದರು.

ನನ್ನ ಸೇವೆಯ ಕೊನೆಯ ಭಾಗ ರಾಮದುರ್ಗದಲ್ಲಿ ಕಳೆಯಿತು. ಮಲಪ್ರಭೆ ಅಣೆಕಟ್ಟು ದಾಟಿ ಅಲ್ಲಿಗೆ ಬರುತ್ತಾಳೆ. ವರ್ಷಗಟ್ಟಲೆ ಹೊಳೆ ಬತ್ತಿದ್ದನ್ನೇ ನೋಡಿದ ಜನ ಪಾತ್ರದ ಅಂಚಿನವರೆಗೂ ದನ ಕಟ್ಟುತ್ತಿದ್ದರು, ಹಟ್ಟಿ ಹಾಕುತ್ತಿದ್ದರು. ಹೊಳೆಗೆ ನೀರು ಬಂದೀತು ಎಂದು ಅವರಿಗೆ ಅನಿಸುವುದಾದರೂ ಹೇಗೆ? ಒಂದು ವರ್ಷ, ಮಳೆಗಾಲ ಮುಗಿಯಿತು ಎಂದು ಎಲ್ಲರೂ ಅಂದುಕೊಂಡ ಮೇಲೆ, ಮೇಲಿನಿಂದ ಕೆಳಗಿನವರೆಗೆ ಒಂದೇ ಸಮನೆ ಮಳೆ ಹೊಡೆಯಿತು. ಸವದತ್ತಿಯ ಸಹೋದ್ಯೋಗಿಯೊಬ್ಬರು ಬೆಳಿಗ್ಗೆ ಫೋನ್ ಮಾಡಿ ಹೊಳೆಗೆ ಬಹಳ ನೀರು ಬರಲಿದೆ ಎಂದರು. ಮೊದಲು ಹೊಳೆಯ ಬದಿಯ ಓಣಿಗೆ ಓಡಿದೆ. ಗೂಟಕ್ಕೆ ಕಟ್ಟಿದ ದನಗಳ ಹಗ್ಗ ಬಿಚ್ಚಿಸಿದೆವು. ಕೆಲವರು ಬಿಚ್ಚಲು ಒಪ್ಪಲಿಲ್ಲ. ಆ ದನಗಳನ್ನು ಆಮೇಲೆ ನಾನೇ ಹೂಳಿಸಬೇಕಾಯಿತು. ಹೊಳೆ ಏರುವ ಸುದ್ದಿ ಬಂದರೆ ಬೇರೆ ಮಾತು ಬೇಡ, ಮೊದಲು ಹಗ್ಗ ಬಿಚ್ಚಿಸಿ.

ಅಲ್ಲಿಂದ ಹಟ್ಟಿಗಳಿದ್ದ ಮಡುವಿನ ದಂಡೆಗೆ ಹೊರಟೆ. ಕರುಳು ಬೇನೆಯ ಲಸಿಕೆಯ ತಂಪುಪೆಟ್ಟಿಗೆ ಹೆಗಲಲ್ಲೇ ಇತ್ತು. ಜೀಪು ಕೆಸರಿನಲ್ಲಿ ನಿಂತಿತು. ಇಳಿದು ನಡೆದೆ. ಕುರಿಗಾರರಿಗೆ ಏನು ಹೇಳಬೇಕು, ಒಪ್ಪದಿದ್ದರೆ ಹೇಗೆ ಬಯ್ಯಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸುತ್ತಿದ್ದೆ.

ದಂಡೆಯ ಮೇಲೆ ಯಾರೂ ಇರಲಿಲ್ಲ.

ಒಲೆಯ ಕಲ್ಲುಗಳು, ತೊಯ್ದ ಬೂದಿ, ಹಿಕ್ಕೆ. ಕೆಸರಿನಲ್ಲಿ ಸಾವಿರಾರು ಗೊರಸಿನ ಗುರುತುಗಳು, ಎಲ್ಲವೂ ಗುಡ್ಡದ ಕಡೆಗೆ. ಅವುಗಳ ಹಿಂದೆಯೇ ನಾನೂ ಏರಿದೆ. ಮೇಲೆ ಬಯಲಿನಲ್ಲಿ ಹಿಂಡುಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು. ನನಗೆ ಗುರುತಿಲ್ಲದ ಕುರಿಗಾರನೊಬ್ಬ ತಾಡಪಾಲಿನ ಕೆಳಗಿನಿಂದ ಎದ್ದು ಬಂದ.

‘ಯಾವಾಗ ಹತ್ತಿದ್ರಿ?’ ಎಂದು ಕೇಳಿದೆ.

‘ನಿನ್ನೀನ ಹತ್ತೇವ್ರಿ. ಮನೋಳಿ ಬೀರವ್ವ ಮೊಬಾಯಿಲ್ ಹಚ್ಚಿದ್ಲು. ಹಿನ್ನೀರು ಏರಾಕ ಹತ್ತೇತಿ, ಗೇಟ ತಗೀತಾರ, ದಂಡಿ ಬಿಡ್ರಿ ಅಂದ್ಲು.’

‘ನಾ ಅದನ್ನ ಹೇಳಾಕ ಬಂದಿದ್ದೆ.’

‘ನೀವು ಬರೂತನಕ ಕುಂತ್ರ ಕುರಿ ಉಳೀತಾವೇನ್ರಿ ಡಾಕ್ಟರ್ರ?’ ಎಂದ. ಅದರಲ್ಲಿ ಕುಹಕವಿರಲಿಲ್ಲ. ಲೆಕ್ಕ ಹೇಳಿದಂತೆ ಹೇಳಿದ.

ತಿರುಗಿ ನೋಡಿದರೆ ನಾನು ಏರಿ ಬಂದ ದಾರಿಯ ಮೇಲೆ ಕೆಂಪು ನೀರು ಹರಿಯುತ್ತಿತ್ತು. ಇನ್ನು ಕೆಲವು ದಿನಕ್ಕೆ ಈ ಗುಡ್ಡವೆಲ್ಲ ಎಳೆಹುಲ್ಲಾಗುತ್ತದೆ. ತಂಪುಪೆಟ್ಟಿಗೆ ಇಳಿಸಿ, ತಾಡಪಾಲಿನ ಕೆಳಗೆ ಕೂತು ಸಿರಿಂಜು ತುಂಬತೊಡಗಿದೆ. ಅವನು ಕೇಳದೆಯೇ ಹಿಂಡಿನೊಳಗೆ ಹೋಗಿ ಒಂದು ಕುರಿಯ ಹಿಂಗಾಲು ಹಿಡಿದು ಎಳೆದು ತಂದ.

‘ಇದಕ್ಕ ಮೊದಲ ಹಾಕ್ರಿ’ ಎಂದ. ‘ಇದು ಬಾಳ ಓಡತೈತಿ.’